ರಿಮ್ಯಾಂಡ್ ಹೊತ್ತಿನ ಪಾಠ

ಕಾನೂನು ಪದವಿ ಮುಗಿಸಿ ನನ್ನ ಕಚೇರಿಗೆ ಬರುವ ಮಕ್ಕಳಲ್ಲಿ ಒಬ್ಬರಲ್ಲ ಒಬ್ಬರು ‘ಮಾನವ ಹಕ್ಕುಗಳ ಕೇಸು ನಡೆಸಬೇಕು ಸರ್’ ಎನ್ನುತ್ತಾರೆ. ಸಂವಿಧಾನದ 21ನೇ ವಿಧಿಯ ತೀರ್ಪುಗಳೆಲ್ಲ ಬಾಯಿಪಾಠ. ಕಣ್ಣೆಲ್ಲ ಹೈಕೋರ್ಟಿನ ಮೇಲೆ. ನಾನು ಮಾತ್ರ ಅವರನ್ನು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ರಿಮ್ಯಾಂಡ್ ನಡೆಯುವ ಹೊತ್ತಿಗೆ ನಿಲ್ಲಿಸುತ್ತೇನೆ. ಬಡವನ ಹಕ್ಕು ಉಳಿಯುವುದೋ ಹೋಗುವುದೋ ಬಹುಪಾಲು ಅಲ್ಲೇ, ಕೆಲವೇ ನಿಮಿಷಗಳಲ್ಲಿ.

ಮೊದಲು ನೋಡಬೇಕಾದ್ದು ಬಂಧನದ ವೇಳೆ. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬುದು ಸಂವಿಧಾನದ 22ನೇ ವಿಧಿ. ಅರೆಸ್ಟ್ ಮೆಮೊದಲ್ಲಿ ದಿನಾಂಕ, ವೇಳೆ, ಸಾಕ್ಷಿಯ ಸಹಿ, ಬಂಧಿತನ ಸಹಿ ಇರಬೇಕು; ಮನೆಯವರಿಗೆ ಸುದ್ದಿ ಮುಟ್ಟಿರಬೇಕು; ವಶದಲ್ಲಿರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಇವೆಲ್ಲ ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಗಳು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಕಾರ್ಯಾಧ್ಯಕ್ಷರಾಗಿದ್ದ ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿ ಓದಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವೇ ಅರ್ಜಿಯಾಯಿತು. ಬಿಹಾರದ ವಿಚಾರಣಾಧೀನ ಕೈದಿಗಳ ಬಗ್ಗೆ ವಕೀಲೆ ಕಪಿಲಾ ಹಿಂಗೋರಾಣಿ 1979ರಲ್ಲಿ ಹೂಡಿದ ಹುಸೈನಾರಾ ಖಾತೂನ್ ಪ್ರಕರಣದ ಮೂಲವೂ ಪತ್ರಿಕಾ ಲೇಖನವೇ. ಹಾಗಾಗಿ ನನ್ನ ಕಚೇರಿಯಲ್ಲಿ ಬೆಳಿಗ್ಗೆ ಪೇಪರ್ ಓದದ ಜೂನಿಯರ್‌ಗೆ ಕಾಫಿ ಇಲ್ಲ!

ಪುಸ್ತಕ ಕಲಿಸದ ವಿದ್ಯೆ ಎಂದರೆ ಕೇಳುವುದು. ‘ಹೊಡೆದ್ರೇನಪ್ಪಾ?’ ಎಂದು ಪೇದೆ ಪಕ್ಕದಲ್ಲಿರುವಾಗಲೇ ಕೇಳಿದರೆ ‘ಇಲ್ಲ ಸಾರ್’ ಎಂದೇ ಉತ್ತರ. ಅದಕ್ಕೇ ‘ಊಟ ಎಲ್ಲಿ ಮಾಡಿದೆ? ಪೊಲೀಸರು ಬಂದಾಗ ಮನೇಲಿ ಯಾರಿದ್ರು? ಆಗ ಕರೆಂಟ್ ಇತ್ತಾ?’ ಎಂದು ಕೇಳಿಸುತ್ತೇನೆ. ಠಾಣೆಯಲ್ಲಿ ಎರಡು ಸಲ ಮುದ್ದೆ ಉಂಡೆನೆಂದರೆ, ಮೆಮೊದಲ್ಲಿರುವ ವೇಳೆಯ ಮೇಲೆ ಅನುಮಾನ ಪಡಲೇಬೇಕು. ಆಮೇಲೆ ಕೈಕಾಲು ನೋಡಿ, ಗಾಯವಿದ್ದರೆ ಅಲ್ಲೇ ಮ್ಯಾಜಿಸ್ಟ್ರೇಟರ ಗಮನಕ್ಕೆ ತಂದು ದಾಖಲಿಸಬೇಕು. ನಾಳೆಗೆ ಬಿಟ್ಟರೆ ಬಾವು ಇಳಿದಿರುತ್ತದೆ.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ. ಅವನ್ನು ಕಲಿಯಲು ವಾರ ಸಾಕು. ಜಾಮೀನು ಸಿಗಬಹುದಾದ ಅಪರಾಧದಲ್ಲಿ, ಬಂಧನವಾಗಿ ವಾರದೊಳಗೆ ಶ್ಯೂರಿಟಿ ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂಬ ಮಾತು 478ನೇ ಕಲಮಿನಲ್ಲಿದೆ. ಪಹಣಿ ಹಿಡಿದು ಬರುವ ನೆಂಟರಿಲ್ಲದವನಿಗೆ ಇದೇ ಬಾಗಿಲು. ಕೇಳುವ ವಕೀಲರೇ ಕಡಿಮೆ.

ಇಷ್ಟೆಲ್ಲ ಕಲಿತವರೂ ಒಂದೆರಡು ವರ್ಷಕ್ಕೆ ಕಂಪನಿ ಕೆಲಸಕ್ಕೆ ಹೋಗುತ್ತಾರೆ. ತಪ್ಪೆನ್ನಲಾರೆ, ಪಿ.ಜಿ. ಬಾಡಿಗೆ ಕಟ್ಟಬೇಕಲ್ಲ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ಕೊಟ್ಟಿತು. ಸಲಹೆಯಷ್ಟೇ, ಕಡ್ಡಾಯವಲ್ಲ. ಹಿರಿಯ ವಕೀಲ ಮಿತ್ರರೇ, ಕಡ್ಡಾಯವಾಗುವವರೆಗೆ ಕಾಯಬೇಡಿ. ಈ ತಿಂಗಳಿಂದಲೇ ಕೊಡಿ.