ಲೇಸರ್ ಚಿಕಿತ್ಸೆಯ ಅನಂತರ ಚರ್ಮದ ಆರೈಕೆ

ದೇಹವನ್ನು ಆವರಿಸಿ ಕಾಪಾಡುವ ಚರ್ಮವು ಬಿಸಿಲಿನ ಆಘಾತವನ್ನು ಮೊದಲು ಸಹಿಸುವ ಅಂಗವೂ ಆಗಿದೆ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ವರ್ಷಾನುಗಟ್ಟಲೆ ಬೀಳುವುದರಿಂದ ಚರ್ಮಕ್ಕೆ ಬಿಗಿಯನ್ನು ನೀಡುವ ಎಳೆಗಳು ಶಿಥಿಲವಾಗುತ್ತವೆ. ಇದರ ಪರಿಣಾಮವಾಗಿ ಒರಟುತನ, ಸುಕ್ಕು, ಕಂದು ಕಲೆಗಳು ಕಾಣಿಸಿಕೊಳ್ಳುತ್ತವೆ. ಭಾರತೀಯರಲ್ಲಿ ಸುಕ್ಕಿಗಿಂತ ಕಲೆಗಳೇ ಹೆಚ್ಚಾಗಿ ಎದ್ದು ಕಾಣುತ್ತವೆ.

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯ ಹವೆ ಹಿತಕರವೆಂದು ಹೆಸರಾಗಿದೆ. ಆದರೆ ಹವೆ ತಂಪಾಗಿದ್ದ ಮಾತ್ರಕ್ಕೆ ಅತಿನೇರಳೆ ಕಿರಣಗಳು ಇಲ್ಲವೆಂದು ಭಾವಿಸಲಾಗದು. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ಈ ನಗರದಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ದ್ವಿಚಕ್ರ ವಾಹನಗಳಲ್ಲಿ ಸಂಚರಿಸುವವರ ಮುಖ ಮತ್ತು ಕೈಗಳು ಪ್ರತಿದಿನವೂ ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ಇಂತಹ ಪರಿಸರದಲ್ಲಿ ಲೇಸರ್ ಚಿಕಿತ್ಸೆಯ ಯಶಸ್ಸು ಯಂತ್ರವನ್ನು ಅವಲಂಬಿಸಿದಷ್ಟೇ ಅನಂತರದ ಆರೈಕೆಯನ್ನೂ ಅವಲಂಬಿಸಿದೆ.

ಚಿಕಿತ್ಸೆಯ ಸ್ವರೂಪ

ಈ ಚಿಕಿತ್ಸೆಯಲ್ಲಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರಿಗೂ ಪುಣೆಗೂ ಸಂಬಂಧವುಂಟು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇದನ್ನು ರೂಪಿಸಿದ ವಿಜ್ಞಾನಿ ಸಿ. ಕುಮಾರ್ ಎನ್. ಪಟೇಲ್ ಅವರು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಜನಿಸಿ, ಪುಣೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು. ಈ ಲೇಸರಿನ ಕಿರಣವನ್ನು ಜೀವಕೋಶಗಳಲ್ಲಿರುವ ನೀರು ಹೀರಿಕೊಳ್ಳುತ್ತದೆ. ಆ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ, ಹಾನಿಗೊಂಡ ಮೇಲ್ಪದರವು ಕಳಚುತ್ತದೆ. ಒಳಗಿನ ಪದರಕ್ಕೆ ತಲುಪಿದ ಶಾಖವು ಹೊಸ ಎಳೆಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. 2004ರ ಅನಂತರ ಪ್ರಚಾರಕ್ಕೆ ಬಂದ ಫ್ರಾಕ್ಷನಲ್ ವಿಧಾನದಲ್ಲಿ ಕಿರಣವು ಸೂಕ್ಷ್ಮ ಬಿಂದುಗಳಾಗಿ ಬೀಳುತ್ತದೆ. ಬಿಂದುಗಳ ನಡುವೆ ಆರೋಗ್ಯಕರ ಚರ್ಮ ಉಳಿಯುವುದರಿಂದ ಗಾಯವು ಬೇಗನೆ ಮಾಯುತ್ತದೆ. ಯಾವ ವಿಧಾನವಾದರೂ ಇದು ಉದ್ದೇಶಪೂರ್ವಕವಾಗಿ ಮಾಡಿದ ಗಾಯವೆಂಬುದನ್ನು ಮರೆಯಬಾರದು.

ಚಿಕಿತ್ಸೆಗೆ ಮುನ್ನ

ಚರ್ಮರೋಗ ತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ಅತ್ಯಾವಶ್ಯಕ. ಬೆಳೆಯುತ್ತಿರುವ, ಬಣ್ಣ ಬದಲಿಸುತ್ತಿರುವ ಅಥವಾ ರಕ್ತ ಒಸರುವ ಮಚ್ಚೆಯನ್ನು ಪರೀಕ್ಷಿಸದೆ ಲೇಸರಿಗೆ ಒಳಪಡಿಸಕೂಡದು. ಅದು ಕ್ಯಾನ್ಸರ್ ಆಗಿರುವ ಸಾಧ್ಯತೆಯುಂಟು. ತುಟಿಯ ಸುತ್ತ ಹರ್ಪಿಸ್ ಗುಳ್ಳೆಗಳು ಎದ್ದಿದ್ದರೆ, ಗಾಯದ ಕಲೆ ಉಬ್ಬಿ ಬೆಳೆಯುವ ಪ್ರವೃತ್ತಿಯಿದ್ದರೆ ಅಥವಾ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ಮೊದಲ ವಾರ

ಮೊದಲ ಎರಡು ಮೂರು ದಿನ ಮುಖವು ಕೆಂಪೇರಿ ಊದಿಕೊಳ್ಳುತ್ತದೆ, ಉರಿಯೂ ಇರುತ್ತದೆ. ದ್ರವ ಒಸರಿ ಹೆಪ್ಪಳಿಕೆ ಕಟ್ಟುವುದೂ ಉಂಟು. ಫ್ರಾಕ್ಷನಲ್ ವಿಧಾನದಲ್ಲಿ ಹೊಸ ಮೇಲ್ಪದರವು ಸಾಮಾನ್ಯವಾಗಿ ಒಂದು ವಾರದೊಳಗೆ ಮೂಡುತ್ತದೆ. ಇಡೀ ಮೇಲ್ಪದರವನ್ನು ತೆಗೆದಿದ್ದರೆ ಎರಡು ವಾರಗಳವರೆಗೂ ಬೇಕಾಗಬಹುದು. ಈ ಅವಧಿಯಲ್ಲಿ ವೈದ್ಯರು ಸೂಚಿಸಿದಂತೆ ಮುಖವನ್ನು ಮೃದುವಾಗಿ ಶುಚಿಗೊಳಿಸಿ, ಪೆಟ್ರೋಲಿಯಂ ಜೆಲ್ಲಿಯಂತಹ ಮುಲಾಮನ್ನು ಲೇಪಿಸಿ ಗಾಯವನ್ನು ತೇವವಾಗಿರಿಸಬೇಕು. ಹೆಪ್ಪಳಿಕೆಯನ್ನು ಕೀಳುವುದರಿಂದ ಶಾಶ್ವತ ಕಲೆ ಉಳಿಯಬಹುದು. ಅರಿಶಿನ, ನಿಂಬೆರಸ, ಗಂಧ ಮುಂತಾದವುಗಳನ್ನು ಹಸಿ ಗಾಯಕ್ಕೆ ಹಚ್ಚಬಾರದು.

ನೋವು ದಿನೇ ದಿನೇ ಕಡಿಮೆಯಾಗಬೇಕು. ಅದು ಹೆಚ್ಚಾದರೆ, ಕೀವು, ನೀರುಗುಳ್ಳೆ ಅಥವಾ ಜ್ವರ ಕಾಣಿಸಿಕೊಂಡರೆ ಸೋಂಕು ತಗುಲಿರಬಹುದು. ಆಗ ತಡಮಾಡದೆ ಚಿಕಿತ್ಸೆ ನೀಡಿದ ವೈದ್ಯರನ್ನು ಕಾಣಬೇಕು. ಅವರು ದೊರೆಯದಿದ್ದಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಂತಹ ಸಾರ್ವಜನಿಕ ಆಸ್ಪತ್ರೆಗೆ ಹೋಗಬಹುದು.

ಮರಳಿ ಕಪ್ಪಾಗುವುದೇಕೆ?

ಹಲವರು ಗಾಯ ಮಾಯ್ದೊಡನೆ ಎಚ್ಚರಿಕೆಯನ್ನು ಕೈಬಿಡುತ್ತಾರೆ. ನಿಜವಾದ ಪರೀಕ್ಷೆ ಆರಂಭವಾಗುವುದು ಆಗಲೇ. ಕಂದುಬಣ್ಣದ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು. ಅದು ಬಿಸಿಲಿನಿಂದ ರಕ್ಷಣೆ ನೀಡುತ್ತದೆ ನಿಜ; ಆದರೆ ಉರಿಯೂತ ಉಂಟಾದಾಗ ಅದನ್ನು ತಯಾರಿಸುವ ಕೋಶಗಳು ಉದ್ರೇಕಗೊಂಡು ಇನ್ನಷ್ಟು ವರ್ಣದ್ರವ್ಯವನ್ನು ಸುರಿಸುತ್ತವೆ. ಆದ್ದರಿಂದ ಮೂರು ನಾಲ್ಕು ವಾರಗಳ ಅನಂತರ ಚಿಕಿತ್ಸೆ ಪಡೆದ ಭಾಗವೇ ಮೊದಲಿಗಿಂತ ಕಪ್ಪಾಗಿ ಕಾಣಬಹುದು. ಬಿಸಿಲು ತಗುಲಿದರೆ ಈ ಅಪಾಯ ಹೆಚ್ಚುತ್ತದೆ. ಇಂತಹ ಕಪ್ಪು ಬಹುಮಟ್ಟಿಗೆ ತಿಂಗಳುಗಳಲ್ಲಿ ಮಾಸುತ್ತದೆ.

ಗಾಬರಿಗೊಂಡು ಔಷಧಿ ಅಂಗಡಿಯಿಂದ ಬಿಳುಪಿನ ಮುಲಾಮು ತಂದು ಹಚ್ಚುವುದು ಹಾನಿಕರ. ಇವುಗಳಲ್ಲಿ ಹಲವು ಸ್ಟಿರಾಯ್ಡ್ ಮಿಶ್ರಿತವಾಗಿದ್ದು, ಚರ್ಮವನ್ನು ತೆಳುವಾಗಿಸುತ್ತವೆ. ವೈದ್ಯರ ಚೀಟಿಯಿಲ್ಲದೆ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಮಾರದಂತೆ ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು.

ಬಿಸಿಲಿನಿಂದ ರಕ್ಷಣೆ

ಹೊಸ ಪದರ ಮೂಡುವವರೆಗೆ ಮನೆಯೊಳಗಿರುವುದೇ ಉತ್ತಮ. ಅನಂತರ ವೈದ್ಯರ ಅನುಮತಿ ಪಡೆದು ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಲೇಪವನ್ನು ಧಾರಾಳವಾಗಿ ಹಚ್ಚಿ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲನ್ನು ಕೆಲವು ತಿಂಗಳ ಕಾಲ ಸಾಧ್ಯವಾದಷ್ಟು ತಪ್ಪಿಸಬೇಕು. ಮಳೆಗಾಲದ ಮೋಡವಾಗಲಿ ಕಿಟಕಿಯ ಗಾಜಾಗಲಿ ಅತಿನೇರಳೆ ಕಿರಣಗಳನ್ನು ಪೂರ್ಣವಾಗಿ ತಡೆಯಲಾರವು.

ಪುಣೆಯಲ್ಲಿ ಸ್ಕೂಟರಿನಲ್ಲಿ ಹೋಗುವ ಹೆಣ್ಣುಮಕ್ಕಳು ಮುಖಕ್ಕೆ ದುಪ್ಪಟ್ಟ ಸುತ್ತಿಕೊಳ್ಳುವ ರೂಢಿಯಿದೆ. ಗಾಯ ಮಾಯ್ದ ಮೇಲೆ ಈ ರೂಢಿ ಪುರುಷರಿಗೂ ಅನುಕರಣೀಯ. ಆದರೆ ಬಟ್ಟೆಯು ಮೃದುವಾದ ಹತ್ತಿಯದಾಗಿರಬೇಕು, ದಿನವೂ ಒಗೆದದ್ದಾಗಿರಬೇಕು, ಉಜ್ಜುವಷ್ಟು ಬಿಗಿಯಾಗಿರಬಾರದು.

ದಿನವೆಲ್ಲ ಹೊರಗೆ ದುಡಿಯಬೇಕಾದವರು, ನೆರಳಿನಲ್ಲಿ ಉಳಿಯಲು ಅನುಕೂಲವಾಗುವ ಕಾಲ ಬರುವವರೆಗೆ ಈ ಚಿಕಿತ್ಸೆಯನ್ನು ಮುಂದೂಡುವುದು ವಿವೇಕಯುತ. ಹಲವು ವರ್ಷಗಳ ಬಿಸಿಲು ಮಾಡಿದ ಹಾನಿಯನ್ನು ಲೇಸರ್ ಒಂದಿಷ್ಟು ಸರಿಪಡಿಸಬಲ್ಲದು. ಮುಂದಿನ ಬಿಸಿಲಿನಿಂದ ಅದು ರಕ್ಷಿಸಲಾರದು. ಆ ರಕ್ಷಣೆ ಪ್ರತಿಯೊಬ್ಬರ ದಿನನಿತ್ಯದ ಅಭ್ಯಾಸವಾಗಬೇಕು.