ಬಹುಮಹಡಿ ಕಟ್ಟಡದಲ್ಲಿ ಗಾಳಿಯ ದಾರಿ: ನಕ್ಷೆಯಲ್ಲೇ ತೀರ್ಮಾನವಾಗಲಿ

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡನ್ನೂ ಸಮೀಪದ ಹುಲಿಕೆರೆಯ ಹೊಯ್ಸಳರ ಕಾಲದ ಕಲ್ಯಾಣಿಯನ್ನೂ ನೋಡಲು ಬರುವ ಪ್ರವಾಸಿಗರಿಗೆ ತಂಗಲು ಸ್ಥಳ ಬೇಕು. ಸ್ಮಾರಕಗಳ ನಿರ್ಬಂಧಿತ ವಲಯದಿಂದ ದೂರವಿರುವ ಅರಸೀಕೆರೆಯಂತಹ ಪಟ್ಟಣದಲ್ಲಿ ನಾಲ್ಕು ಅಂತಸ್ತಿನ ವಸತಿಗೃಹ ಕಟ್ಟಲು ಮುಂದಾಗುವ ಉದ್ಯಮಿ ಹವಾನಿಯಂತ್ರಣದ ಡಕ್ಟ್‌ಗಳಿಗೆ ನಕ್ಷೆಯಲ್ಲೇ ಜಾಗ ಕಾಯ್ದಿರಿಸುವುದು ಒಳಿತು. ತಾರಸಿ ಹಾಕಿದ ಮೇಲೆ ಯೋಚಿಸಿದರೆ ತೊಲೆ ಕೊರೆಯುವ ಇಲ್ಲವೇ ಡಕ್ಟನ್ನು ಕಿರಿದಾಗಿಸುವ ಸಂದಿಗ್ಧ ಎದುರಾಗುತ್ತದೆ.

ಎತ್ತರದ ಲೆಕ್ಕ

ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ. 9ರಷ್ಟು ಹಗುರ. ಆದ್ದರಿಂದ ಅಷ್ಟೇ ಗಾತ್ರದ ಗಾಳಿ ಇಲ್ಲಿ ಕಡಿಮೆ ತಂಪನ್ನು ಹೊರುತ್ತದೆ. ಒಂದು ಟನ್‌ಗೆ ನಿಮಿಷಕ್ಕೆ 400 ಘನ ಅಡಿ ಎಂಬ ರೂಢಿಯ ಲೆಕ್ಕ ಇಲ್ಲಿ 440ರಷ್ಟಾಗುತ್ತದೆ. ಒಂದು ಅಂತಸ್ತಿಗೆ 10 ಟನ್ ಬೇಕಾದರೆ 4,400 ಘನ ಅಡಿ ಗಾಳಿ ಹರಿಯಬೇಕು. ನಿಮಿಷಕ್ಕೆ 1,100 ಅಡಿ ವೇಗವೆಂದು ಹಿಡಿದರೆ ಮುಖ್ಯ ಡಕ್ಟ್‌ಗೆ 4 ಚದರ ಅಡಿ ಬಾಯಿ ಅಗತ್ಯ.

ಇದೇ ಬಾಯಿಯನ್ನು 2 ಅಡಿ ಚೌಕವಾಗಿಸಿದರೆ ಸುತ್ತಳತೆ 8 ಅಡಿ. 4 ಅಡಿ ಅಗಲ, 1 ಅಡಿ ಎತ್ತರವಾಗಿಸಿದರೆ 10 ಅಡಿ. ತಗಡು ಶೇ. 25ರಷ್ಟು ಹೆಚ್ಚಾಗುವುದಲ್ಲದೆ ಘರ್ಷಣೆಯೂ ಏರುತ್ತದೆ. ದುಂಡು ಡಕ್ಟ್‌ನ ವ್ಯಾಸ ಶೇ. 10ರಷ್ಟು ಕಿರಿದಾದರೆ, ಗಾಳಿಯ ಪ್ರಮಾಣ ಅಷ್ಟೇ ಇದ್ದರೂ ಘರ್ಷಣೆ ಸುಮಾರು ಶೇ. 70ರಷ್ಟು ಹೆಚ್ಚುತ್ತದೆ. ಜಾಗ ಉಳಿಸಿದ ಲಾಭವನ್ನು ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ನುಂಗುತ್ತದೆ.

ಚಳಿಗಾಲದ ಮುಂಜಾನೆಗೆ ಬೇಕಾದ ಶಾಖ ಅಲ್ಪ. ಬಿಸಿ-ತಂಪು ಎರಡನ್ನೂ ಕೊಡುವ ಯಂತ್ರವಿದ್ದರೆ ಅದೇ ಡಕ್ಟ್ ಸಾಕು. ಆದರೆ ಬಿಸಿ ಗಾಳಿ ಮೇಲೇರುವುದರಿಂದ ಚಾವಣಿಯ ಗ್ರಿಲ್‌ಗಳು ಗಾಳಿಯನ್ನು ಕೆಳಮುಖವಾಗಿ ತಿರುಗಿಸುವಂತಿರಬೇಕು.

ಹೊಗೆಗೆ ದಾರಿಯಾಗದಿರಲಿ

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಮಂದಿ ಸಾವಿಗೀಡಾದರು. ವಿದ್ಯುತ್ ತಂತಿಗಳ ಲಂಬ ಮಾರ್ಗದಲ್ಲಿ ಏರಿದ ಹೊಗೆ ಮೇಲಿನ ಅಂತಸ್ತುಗಳನ್ನು ಆವರಿಸಿತ್ತು. ಗಾಳಿಯ ಡಕ್ಟ್‌ಗೂ ಇದೇ ಪಾಠ ಅನ್ವಯಿಸುತ್ತದೆ. ಡಕ್ಟ್ ಅಂತಸ್ತನ್ನು ದಾಟುವೆಡೆ, ಶಾಖ ತಗುಲಿದೊಡನೆ ತಾನಾಗಿ ಮುಚ್ಚುವ ಫೈರ್ ಡ್ಯಾಂಪರ್ ಇರಬೇಕು. ಸುತ್ತಲಿನ ಸಂದನ್ನು ಬೆಂಕಿ ತಡೆಯುವ ವಸ್ತುವಿನಿಂದ ತುಂಬಬೇಕು. ಹೊಗೆ ಕಂಡೊಡನೆ ಫ್ಯಾನ್ ನಿಲ್ಲಬೇಕು. ಈ ವೆಚ್ಚದಲ್ಲಿ ಉಳಿತಾಯ ಸಲ್ಲದು.

ಸಣ್ಣ ಉದ್ಯಮಕ್ಕೆ ಅವಕಾಶ

ಡಕ್ಟ್ ತಯಾರಿಕೆ ಬಹುಪಾಲು ತಗಡಿನ ಕೆಲಸ. ಜಿಐ ಶೀಟ್ ಕತ್ತರಿಸುವ, ಮಡಿಸುವ ಯಂತ್ರಗಳುಳ್ಳ ಸ್ಥಳೀಯ ಘಟಕಗಳು ಇದನ್ನು ಕೈಗೊಳ್ಳಬಹುದು. ಲೋಹದ ಡಕ್ಟ್‌ಗಳಿಗೆ ಭಾರತೀಯ ಮಾನಕ ಐಎಸ್ 655 ಇದೆ. ತಗಡಿನ ದಪ್ಪವನ್ನು ಒಪ್ಪಂದದಲ್ಲೇ ನಮೂದಿಸಿ, ಶಾಖನಿರೋಧಕ ಹೊದಿಕೆ ಹಾಕುವ ಮೊದಲೇ ಸೋರಿಕೆ ಪರೀಕ್ಷಿಸಿಕೊಟ್ಟರೆ ಗ್ರಾಹಕನಿಗೆ ನೆಮ್ಮದಿ, ತಯಾರಕನಿಗೆ ಮುಂದಿನ ಕೆಲಸದ ಭರವಸೆ.