ಎಳೆಯುವ ಹಗ್ಗ, ತಡೆಯುವ ಕಾಲು

ಸಕಲೇಶಪುರವನ್ನು ದಾಟಿ ಶಿರಾಡಿಘಾಟಿಯ ಇಳಿಜಾರು ಇನ್ನೂ ಎರಡು ಮೈಲಿಯಿರುವಾಗ ನನ್ನ ಸಣ್ಣ ಕಾರು ಒಮ್ಮೆ ಕೆಟ್ಟು ನಿಂತಿತು. ಹಿಂದಿನಿಂದ ಬಂದ ಲಾರಿಯ ಚಾಲಕನು, ಪರೋಪಕಾರವು ಆತನ ನಿತ್ಯಕರ್ಮವೋ ಎಂಬಂತೆ, ಸೀಟಿನ ಕೆಳಗಿಂದ ನೈಲಾನ್ ಹಗ್ಗವೊಂದನ್ನು ಎಳೆದು ತೆಗೆದು, “ನೀವು ಸ್ಟೇರಿಂಗ್ ಹಿಡ್ಕೊಂಡು ಕೂತ್ಕೊಳ್ಳಿ ಸಾರ್, ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದನು. ನಾನು ಹಗ್ಗವನ್ನು ಜಗ್ಗಿ ನೋಡಿ ಗಟ್ಟಿಯಾಗಿದೆಯೆಂದು ತೃಪ್ತನಾದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದ್ದಿತೆಂಬುದು ಹೊರಟ ಮೇಲೆ ತಿಳಿಯಿತು.

ಲಾರಿ ನಿಧಾನಿಸಿದಾಗ ಮೊದಲ ಸಲ ಬ್ರೇಕ್ ಎಂದಿನಂತೆ ಹಿಡಿಯಿತು. ಎರಡನೆಯ ಸಲ ಪೆಡಲು ಬಿಗಿಯಾಯಿತು. ಮೂರನೆಯ ಸಲ ಅದು ಕಲ್ಲು. ಬ್ರೇಕ್ ಬೂಸ್ಟರ್ ಎಂಬ ದುಂಡನೆಯ ಡಬ್ಬಿಯು, ಎಂಜಿನ್ ನಡೆಯುತ್ತಿರುವಾಗ ಉಂಟಾಗುವ ನಿರ್ವಾತದ ನೆರವಿನಿಂದ ನಮ್ಮ ಕಾಲಿನ ಬಲವನ್ನು ಹಲವು ಮಡಿ ಹೆಚ್ಚಿಸುವ ಸಾಧನವಾದುದರಿಂದ, ಎಂಜಿನ್ ನಿಂತೊಡನೆ ಅದರಲ್ಲಿ ಉಳಿದಿರುವ ನಿರ್ವಾತವು ಒಂದೆರಡು ಒತ್ತಿಗೆ ತೀರಿಹೋಗಿ, ಬಳಿಕ ಕಾರನ್ನು ನಿಲ್ಲಿಸುವ ಹೊಣೆಯೆಲ್ಲ ಬರಿಯ ಮಾಂಸಖಂಡಗಳ ಮೇಲೆ ಬೀಳುತ್ತದೆ. ಪವರ್ ಸ್ಟೇರಿಂಗಿನ ನೆರವೂ ಹಾಗೆಯೇ ಇಲ್ಲವಾಗುವುದುಂಟು. ಕೀಲಿಯನ್ನು ತೆಗೆದಿಟ್ಟುಕೊಂಡರಂತೂ ಸ್ಟೇರಿಂಗ್ ಬೀಗ ಬಿದ್ದು, ಕಾರು ತಿರುವಿನಲ್ಲಿ ನೇರವಾಗಿ ಕಂದಕದ ದಾರಿ ಹಿಡಿಯಬಹುದು.

ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯು ಎರಡು ವಾಹನಗಳ ನಡುವಣ ಅಂತರವು 5 ಮೀಟರನ್ನು ಮೀರಕೂಡದೆಂದೂ, ವೇಗವು ಗಂಟೆಗೆ 24 ಕಿಲೋಮೀಟರನ್ನು ದಾಟಕೂಡದೆಂದೂ, ಹಿಂದಿನ ಕಾರಿನಲ್ಲಿ ಲೈಸೆನ್ಸ್ ಉಳ್ಳವರು ಕುಳಿತಿರಬೇಕೆಂದೂ ವಿಧಿಸಿತ್ತು. ಆ ವೇಗದಲ್ಲಿ 5 ಮೀಟರ್ ಕ್ರಮಿಸಲು ಮುಕ್ಕಾಲು ಸೆಕೆಂಡು ಸಾಕು. ಮುಂದಿನ ಕೆಂಪು ದೀಪವನ್ನು ಕಂಡು ನಮ್ಮ ಕಾಲು ಪೆಡಲನ್ನು ಮುಟ್ಟುವಷ್ಟರಲ್ಲಿ ಅದರ ಬಹುಭಾಗ ಕಳೆದುಹೋಗಿರುತ್ತದೆ. ಹಗ್ಗ ಎಳೆಯಬಲ್ಲುದೇ ಹೊರತು ತಡೆಯಲಾರದು. ಸಡಿಲವಾದ ಹಗ್ಗ ಮತ್ತೆ ಫಕ್ಕನೆ ಬಿಗಿದಾಗ ಬೀಳುವ ಜಗ್ಗು, ಬರಿಯ ತೂಕದ ಲೆಕ್ಕಕ್ಕೆ ಸಿಕ್ಕುವಂಥದಲ್ಲ.

ಕಬ್ಬಿಣದ ದಂಡವಾದರೋ ಎಳೆಯುವಂತೆಯೇ ತಡೆಯುತ್ತದೆ, ಅಂತರವೂ ಬದಲಾಗದು. ಆದರೆ ಆಗ ಎರಡು ವಾಹನಗಳ ಭಾರವನ್ನೂ ಮುಂದಿನ ವಾಹನದ ಬ್ರೇಕೇ ಬಹುಮಟ್ಟಿಗೆ ಹೊರಬೇಕಾದುದರಿಂದ ಅದು ಸಾಕಷ್ಟು ತೂಕದ್ದಾಗಿರತಕ್ಕದ್ದು. ಅಮೆರಿಕದಲ್ಲಿ ಮೋಟಾರ್‌ಹೋಮ್ ಎಂಬ ಚಕ್ರದ ಮೇಲಣ ಮನೆಯ ಹಿಂದೆ ಸಣ್ಣ ಕಾರನ್ನು ನೂರಾರು ಮೈಲಿ ಹೀಗೆಯೇ ಉರುಳಿಸಿಕೊಂಡು ಹೋಗುವವರು ಹಗ್ಗದ ಗೊಡವೆಗೆ ಹೋಗುವುದಿಲ್ಲ. ಎ ಅಕ್ಷರದ ಆಕಾರದ ಉಕ್ಕಿನ ದಂಡವನ್ನೂ, ಅದು ಕಳಚಿದರೆ ಹಿಡಿಯಲು ಸರಪಳಿಗಳನ್ನೂ ಕಟ್ಟಿ, ಯಾರೂ ಇಲ್ಲದ ಕಾರಿನ ಪೆಡಲನ್ನು ತಕ್ಕ ಹೊತ್ತಿಗೆ ಒತ್ತಲು ಯಂತ್ರವೊಂದನ್ನು ಕೂರಿಸುತ್ತಾರೆ. ದುಡ್ಡು ಕೊಟ್ಟು ಒಂದು ಕಾಲನ್ನು ಕೊಂಡಂತೆ!

ಗೇರ್‌ಬಾಕ್ಸಿನ ವಿಚಾರವೂ ಉಂಟು. ಮುಂದಿನ ಚಕ್ರಗಳಿಂದ ನಡೆಯುವ, ಕೈಯಿಂದ ಗೇರ್ ಬದಲಿಸುವ ಸಾಧಾರಣ ಸಣ್ಣ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಎಳೆದಾಗ, ಚಕ್ರಗಳೊಂದಿಗೆ ತಿರುಗುವ ದೊಡ್ಡ ಹಲ್ಲುಗಾಲಿಯೇ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ಎಣ್ಣೆಯ ಪಂಪು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ಓಡುವುದರಿಂದ, ಎಂಜಿನ್ ಸುಮ್ಮನಿರುವಾಗ ಚಕ್ರ ಉರುಳಿದರೆ ಒಳಗಿನ ಭಾಗಗಳು ಒಣಗಿ ಕಾದು ಸವೆಯುತ್ತವೆ. ಅದಕ್ಕೂ, ವಿದ್ಯುತ್ ಕಾರಿಗೂ ಬೆನ್ನಮೇಲೆ ಹೊತ್ತೊಯ್ಯುವ ಲಾರಿಯೇ ಸರಿ.

ಕಟ್ಟುವುದೆಲ್ಲಿಗೆ? ಬಂಪರಿಗೂ ಅಲ್ಲ, ಕೆಳಗಿನ ಸಸ್ಪೆನ್ಷನ್ನಿನ ತೋಳಿಗೂ ಅಲ್ಲ. ಈಚಿನ ಅನೇಕ ಕಾರುಗಳಲ್ಲಿ ಜಾಕಿಯ ಪಕ್ಕದಲ್ಲಿ ಉಕ್ಕಿನ ಬಳೆಯೊಂದಿರುತ್ತದೆ. ಬಂಪರಿನ ಸಣ್ಣ ಮುಚ್ಚಳವನ್ನು ಕಿತ್ತು ಅದನ್ನು ತಿರುಗಿಸಿ ಕೂರಿಸಬೇಕು. ಹಲವು ಕಾರುಗಳಲ್ಲಿ ಇದರ ತಿರುಪು ಎಡಕ್ಕೆ ಬಿಗಿಯುವಂಥದು. ಬಲಕ್ಕೆ ತಿರುಗಿಸಿ ತಿರುಗಿಸಿ ಸೋತು ಕಾರು ಮಾಡಿದವರನ್ನು ಬಯ್ದವರಲ್ಲಿ ನಾನೂ ಒಬ್ಬ.

ಘಾಟಿಯ ತಲೆಯಲ್ಲಿದ್ದ ಚಹಾದಂಗಡಿಯ ಮುಂದೆ ಹಾರನ್ ಬಾರಿಸಿ ಲಾರಿಯನ್ನು ನಿಲ್ಲಿಸಿ, ಇನ್ನು ಮುಂದೆ ಬರಲಾರೆನೆಂದೆ. ಚಾಲಕನು ಹಗ್ಗ ಬಿಚ್ಚಿ ಮೊಣಕೈಗೆ ಸುತ್ತಿಕೊಳ್ಳುತ್ತ, “ಇಳಿಜಾರಲ್ಲಿ ಎಳೆಯೋಕೆ ನಂಗೂ ಧೈರ್ಯ ಇರ್ಲಿಲ್ಲ ಸಾರ್, ನೀವೇ ಹೇಳ್ಲಿ ಅಂತ ಕಾಯ್ತಿದ್ದೆ” ಎಂದನು.